ಹಳೆ ಪಿಕಪ್‌ನ ಹೌಸಿಂಗ್ ಆಯಿಲ್ ನೀವೇ ಬದಲಿಸುವುದು ಹೇಗೆ?

ಎಂಜಿನ್ ಆಯಿಲ್ ಯಾವಾಗ ಬದಲಿಸಿದಿರಿ ಅಂತ ಯಾವ ಪಿಕಪ್ ಮಾಲೀಕರನ್ನು ಕೇಳಿದರೂ ಥಟ್ಟನೆ ಹೇಳುತ್ತಾರೆ. ಹಿಂದಿನ ಹೌಸಿಂಗ್ ಆಯಿಲ್ ಯಾವಾಗ ಅಂದರೆ ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಎಷ್ಟೋ ಗಾಡಿಗಳಲ್ಲಿ ಕೊಂಡಾಗಿನಿಂದ ಅದನ್ನು ಯಾರೂ ಮುಟ್ಟಿರುವುದಿಲ್ಲ. ಇದಕ್ಕೆ ಕಾರಣವೂ ಇದೆ. ಎಂಜಿನ್ನಿಗೆ ಡಿಪ್‌ಸ್ಟಿಕ್ ಇದೆ, ಫಿಲ್ಟರ್ ಇದೆ, ಆಯಿಲ್ ಒತ್ತಡ ಕಮ್ಮಿಯಾದರೆ ಉರಿಯುವ ಕೆಂಪು ದೀಪ ಇದೆ. ಡಿಫರೆನ್ಷಿಯಲ್‌ಗೆ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಗೇರುಗಳಿಗೆ, ಈ ಮೂರೂ ಇಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಕೆಸರು ಮೆತ್ತಿಕೊಂಡಿರುವ ಆ ಗುಂಡನೆಯ ಹೌಸಿಂಗ್ ಒಳಗೆ ಎಷ್ಟು ಆಯಿಲ್ ಇದೆ, ಅದು ಹೇಗಿದೆ ಅಂತ ತಿಳಿಯಬೇಕಾದರೆ ಯಾರಾದರೂ ಕೆಳಗೆ ನುಗ್ಗಿ ಪ್ಲಗ್ ಬಿಚ್ಚಲೇಬೇಕು.

ಆ ಕೆಲಸವನ್ನು ನೀವೇ ಮಾಡಬಹುದು. ಗಾಡಿ ಓಡಿಸುವವರು ವರ್ಷಕ್ಕೊಮ್ಮೆಯಾದರೂ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ರತಿ ವರ್ಷ ಬದಲಿಸಲೇಬೇಕೆಂದಲ್ಲ, ಪ್ಲಗ್ ಬಿಚ್ಚಿ ನೋಡಿದರೂ ಸಾಕು. ಇಲ್ಲಿ ಹೇಳುವುದು ಹಳೆ ಬೊಲೆರೊ ಪಿಕಪ್, ಟಾಟಾ 207 ತರಹದ ಗಾಡಿಗಳಿಗೆ. ಅಂದರೆ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ, ಕಟ್ಟೆ (ಪಟ್ಟಿ ಪಟ್ಟಿಯಾಗಿ ಜೋಡಿಸಿದ ಲೀಫ್ ಸ್ಪ್ರಿಂಗ್) ಇರುವ, ಎರಡೂ ಚಕ್ರಗಳನ್ನು ಜೋಡಿಸುವ ಪೂರ್ತಿ ಆಕ್ಸಲ್ ಇರುವ ಲೋಡ್ ಗಾಡಿಗಳಿಗೆ.

ಒಳಗೆ ಏನಾಗುತ್ತದೆ?

ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟ್ ತಿರುಗಿದಾಗ ಅದರ ತುದಿಯ ಸಣ್ಣ ಗೇರ್ ಪಿನಿಯನ್, ದೊಡ್ಡ ಗೇರ್ ಕ್ರೌನನ್ನು ತಿರುಗಿಸುತ್ತದೆ. ಹೀಗೆ ಉದ್ದಕ್ಕೆ ಬಂದ ತಿರುಗಾಟ ಅಡ್ಡಕ್ಕೆ ತಿರುಗಿ ಎರಡೂ ಚಕ್ರಕ್ಕೆ ಹೋಗುತ್ತದೆ. ಇಂಥ ಹೆಚ್ಚಿನ ಆಕ್ಸಲ್‌ಗಳಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೂತಿರುತ್ತದೆ. ಇದಕ್ಕೆ ಹೈಪಾಯ್ಡ್ ಗೇರ್ ಅನ್ನುತ್ತಾರೆ. ಇಲ್ಲಿ ಹಲ್ಲಿನ ಮೇಲೆ ಹಲ್ಲು ಬರೀ ಉರುಳುವುದಿಲ್ಲ, ಉಜ್ಜುತ್ತಾ ಜಾರುತ್ತದೆ. ಕೋಲಾರದಿಂದ ಟೊಮೇಟೊ ಕ್ರೇಟ್ ತುಂಬಿಕೊಂಡ ಗಾಡಿಯೋ, ಲೋಡ್ ಹಾಕಿಕೊಂಡು ಶಿರಾಡಿ ಘಾಟಿ ಹತ್ತುವ ಗಾಡಿಯೋ ಎರಡನೇ ಗೇರಿನಲ್ಲಿ ಎಳೆಯುತ್ತಿರುವಾಗ ಆ ಪೂರ್ತಿ ಭಾರ ಎರಡು ಮೂರು ಹಲ್ಲುಗಳ ಮೇಲೆ ಬಿದ್ದಿರುತ್ತದೆ. ಸಾಮಾನ್ಯ ಎಣ್ಣೆಯ ಪದರ ಅಷ್ಟು ಒತ್ತಡಕ್ಕೆ ಹಿಂಡಿಹೋಗುತ್ತದೆ. ಅದಕ್ಕೇ ಈ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಬಿಸಿ ಏರಿದಾಗ ಅವು ಲೋಹದ ಮೈಮೇಲೆ ತೆಳುವಾದ ರಕ್ಷಣೆಯ ಪದರ ಕಟ್ಟುತ್ತವೆ. ಕೈಗೆ, ಬಟ್ಟೆಗೆ ಅಂಟಿದರೆ ಸುಲಭಕ್ಕೆ ಬಿಡದ ಆ ಘಾಟು ವಾಸನೆ ಗಂಧಕದ್ದೇ.

ಒಳಗೆ ಪಂಪ್ ಅನ್ನುವುದೂ ಇಲ್ಲ. ಕ್ರೌನಿನ ಕೆಳಭಾಗ ಆಯಿಲ್‌ನಲ್ಲಿ ಮುಳುಗಿರುತ್ತದೆ. ತಿರುಗುವಾಗ ಅದೇ ಆಯಿಲನ್ನು ಎತ್ತಿ ಪಿನಿಯನ್ ಬೇರಿಂಗಿನವರೆಗೂ ಚಿಮ್ಮಿಸುತ್ತದೆ. ಮಟ್ಟ ಕಮ್ಮಿಯಾದರೆ ಪಿನಿಯನ್ ಬೇರಿಂಗ್ ಒಣಗುತ್ತದೆ. ಫಿಲ್ಟರ್ ಇಲ್ಲದ್ದರಿಂದ ಸವೆದ ಲೋಹದ ಪುಡಿ ಅದೇ ಆಯಿಲ್‌ನಲ್ಲಿ ಸುತ್ತುತ್ತಾ ಇನ್ನಷ್ಟು ಸವೆಸುತ್ತದೆ. ಕೊನೆಗೆ ಹಲ್ಲು ಹೋದರೆ ಒಂದನ್ನೇ ಬದಲಿಸುವ ಹಾಗಿಲ್ಲ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೋಡಿಯಾಗಿ ಹೊಂದಿಸಿದ್ದು, ಎರಡನ್ನೂ ಒಟ್ಟಿಗೇ ಹಾಕಿಸಬೇಕು. ಮೇಲೆ ಬೇರಿಂಗ್, ಕೂಲಿ, ಗಾಡಿ ನಿಂತ ದಿನಗಳ ಬಾಡಿಗೆ. ಇದರ ಮುಂದೆ ಎರಡು ಲೀಟರ್ ಆಯಿಲ್‌ನ ಬೆಲೆ ಲೆಕ್ಕಕ್ಕೇ ಇಲ್ಲ.

ಯಾವ ಆಯಿಲ್?

ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದದ್ದೇ ಕೊನೆಯ ಮಾತು. ಪುಸ್ತಕ ಕಳೆದಿದ್ದರೆ ಗಾಡಿಯ ಮಾಡೆಲ್, ವರ್ಷ ಹೇಳಿ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಬೇಕಾಗುವುದು ಜಿಎಲ್-5 ದರ್ಜೆಯ ಗೇರ್ ಆಯಿಲ್. ದಪ್ಪ 80ಡಬ್ಲ್ಯೂ-90 ಅಥವಾ 85ಡಬ್ಲ್ಯೂ-140. ಅಂಗಡಿಯಲ್ಲಿ ಇವನ್ನೇ 90 ನಂಬರ್, 140 ನಂಬರ್ ಅನ್ನುತ್ತಾರೆ. ಬರೀ ನಂಬರ್ ಹೇಳಿ ಸುಮ್ಮನಾಗಬೇಡಿ. ಡಬ್ಬಿ ಕೈಗೆ ತೆಗೆದುಕೊಂಡು ಜಿಎಲ್-5 ಅಂತ ಬರೆದಿದೆಯಾ ನೋಡಿ. 90 ನಂಬರಿನಲ್ಲೇ ಜಿಎಲ್-4 ಕೂಡ ಸಿಗುತ್ತದೆ, ಡಬ್ಬಿ ನೋಡಲು ಒಂದೇ ತರಹ ಇರುತ್ತದೆ.

ಹಾಗಂತ ಉಳಿದ ಜಿಎಲ್-5 ಅನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ. ಹಲವು ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತವೆ. ಡಿಫರೆನ್ಷಿಯಲ್‌ಗೆ ಒಳ್ಳೆಯದು ಮಾಡುವ ಅದೇ ಗಂಧಕ ಹಿತ್ತಾಳೆಯನ್ನು ತಿನ್ನಬಲ್ಲದು. ಅಲ್ಲಿಗೆ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ.

90 ನಂಬರ್ ಅಂದರೆ ಎಂಜಿನ್ನಿನ 40 ನಂಬರ್ ಆಯಿಲ್‌ಗಿಂತ ದುಪ್ಪಟ್ಟು ದಪ್ಪ ಅಂತ ತುಂಬಾ ಜನ ನಂಬಿದ್ದಾರೆ. ಎರಡರ ಅಳತೆಯೇ ಬೇರೆ. ಗೇರ್ ಆಯಿಲ್‌ನ 90 ಹೆಚ್ಚುಕಮ್ಮಿ ಎಂಜಿನ್ ಆಯಿಲ್‌ನ 40-50ರಷ್ಟೇ ದಪ್ಪ. ಆದ್ದರಿಂದ ಸದ್ದು ಅಡಗಲಿ ಅಂತ ಪುಸ್ತಕ ಬಿಟ್ಟು 140ಕ್ಕೆ ಹಾರಬೇಡಿ. ಸದ್ದು ಕಮ್ಮಿಯಾದೀತು, ಬೇರಿಂಗಿನ ಸವೆತ ಮಾತ್ರ ನಿಲ್ಲುವುದಿಲ್ಲ.

ಎಷ್ಟು ಬೇಕು ಅನ್ನುವುದು ಆಕ್ಸಲ್ ಮೇಲೆ ಹೋಗುತ್ತದೆ. ಸಾಮಾನ್ಯವಾಗಿ 1.5ರಿಂದ 2.5 ಲೀಟರ್. ಅರ್ಧ ಲೀಟರ್ ಜಾಸ್ತಿಯೇ ತಂದಿಟ್ಟುಕೊಳ್ಳಿ, ಸುರಿಯುವಾಗ ಒಂದಿಷ್ಟು ಚೆಲ್ಲುತ್ತದೆ.

ಏನೇನು ಹೊಂದಿಸಿಕೊಳ್ಳಬೇಕು?

ಪ್ಲಗ್‌ಗೆ ಸರಿಯಾಗಿ ಕೂರುವ ಸ್ಪ್ಯಾನರ್ ಮೊದಲು. ಪ್ಲಗ್ ತಲೆ ಆರು ಮೂಲೆಯದ್ದಿರಬಹುದು, ಚೌಕ ಗುಂಡಿಯದ್ದಿರಬಹುದು, ಅಲೆನ್ ಕೀ ಹಾಕುವಂಥದ್ದಿರಬಹುದು. ಆಯಿಲ್ ತರಲು ಹೋಗುವ ಮೊದಲೇ ಕೆಳಗೆ ಇಣುಕಿ ನೋಡಿ. ಚೌಕ ಗುಂಡಿಗೆ ಸಾಕೆಟ್ ಸೆಟ್ಟಿನ ರ‍್ಯಾಚೆಟ್ ತುದಿಯೇ ಎಷ್ಟೋ ಸಲ ಸರಿಹೋಗುತ್ತದೆ. ಆರು ಮೂಲೆಯ ತಲೆಗೆ ಆರು ಮೂಲೆಯ ಸಾಕೆಟ್ಟೇ ಒಳ್ಳೆಯದು, ರಿಂಗ್ ಸ್ಪ್ಯಾನರ್ ಸವೆದಿದ್ದರೆ ಜಾರಿ ಮೂಲೆ ಕಳೆಯುತ್ತದೆ.

ಉಳಿದದ್ದು: ಹಳೆ ಆಯಿಲ್ ಹಿಡಿಯಲು ಅಗಲದ ಟಬ್, ತಂತಿ ಬ್ರಷ್, ಬನಿಯನ್ ವೇಸ್ಟ್, ಗ್ಲೌಸ್, ಪ್ಲಗ್‌ಗೆ ವಾಷರ್ ಇದ್ದರೆ ಹೊಸ ವಾಷರ್. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ, ಬೇರೆ ಊರಿನವರಿಗೆ ಯಾವ ಆಟೊಮೊಬೈಲ್ ಅಂಗಡಿಯಲ್ಲಾದರೂ ಇವು ಸಿಗುತ್ತವೆ. ತಾಮ್ರದ ವಾಷರ್ ಸಿಗದಿದ್ದರೆ ಹಳೆಯದನ್ನೇ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ಆರಿಸಿ. ಗಟ್ಟಿಯಾಗಿದ್ದ ತಾಮ್ರ ಮತ್ತೆ ಮೆತ್ತಗಾಗಿ ಚೆನ್ನಾಗಿ ಕೂರುತ್ತದೆ.

ತುಂಬಿಸಲು ಕೈಪಂಪ್ ಇದ್ದರೆ ಸರಿ. ಇಲ್ಲದಿದ್ದರೆ ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಎರಡು ಮೀಟರ್ ತನ್ನಿ, ಬಾಯಿಗೆ ಒಂದು ಫನಲ್ ಸಿಕ್ಕಿಸಿ. ಒಬ್ಬರು ಮೇಲಿಂದ ಸುರಿಯುವುದು, ಒಬ್ಬರು ಕೆಳಗೆ ತುದಿ ಹಿಡಿದಿರುವುದು. ನನಗೆ ಪಂಪ್‌ಗಿಂತ ಇದೇ ಇಷ್ಟ. ಆಯಿಲ್ ಇಳಿಯುವುದು ಕಣ್ಣಿಗೆ ಕಾಣುತ್ತದೆ.

ಕೆಲಸ ಶುರು

1. ಗಾಡಿಯನ್ನು ಎಂಟು ಹತ್ತು ಕಿಲೋಮೀಟರ್ ಓಡಿಸಿ ತನ್ನಿ. ಆಯಿಲ್ ಬೆಚ್ಚಗಾದರೆ ಬೇಗ ಇಳಿಯುತ್ತದೆ, ತಳದ ಕೆಸರನ್ನೂ ಎಳೆದುಕೊಂಡು ಬರುತ್ತದೆ. ಘಾಟಿ ಇಳಿದು ಬಂದ ಕೂಡಲೇ ಮಾತ್ರ ಬೇಡ, ಹೌಸಿಂಗ್ ಸುಡುತ್ತಿರುತ್ತದೆ.

2. ಸಮತಟ್ಟಾದ ಗಟ್ಟಿ ನೆಲದಲ್ಲಿ, ಲೋಡ್ ಇಳಿಸಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ, ಗೇರ್ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಕೊಡಿ. ಕೀ ನಿಮ್ಮ ಜೇಬಿನಲ್ಲಿರಲಿ. ಪಿಕಪ್ ಎತ್ತರದ ಗಾಡಿ, ಜಾಕ್ ಹಾಕದೆಯೇ ಕೆಳಗೆ ನುಗ್ಗಬಹುದು. ಹಿಂದೆ ಮಾತ್ರ ಎತ್ತಿದರೆ ಮಟ್ಟ ತಪ್ಪು ತೋರಿಸುತ್ತದೆ. ಎತ್ತಲೇಬೇಕಾದ ಸಂದರ್ಭದಲ್ಲಿ ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಹಾಲೋ ಬ್ಲಾಕ್, ಇಟ್ಟಿಗೆ ಜೋಡಿಸಿ ಗಾಡಿ ನಿಲ್ಲಿಸುವುದು ಬೇಡವೇ ಬೇಡ. ಅವು ಹೇಳದೆ ಕೇಳದೆ ಒಡೆಯುತ್ತವೆ.

3. ಎರಡೂ ಪ್ಲಗ್ (ಆಯಿಲ್ ತುಂಬುವ ಮೇಲಿನ ಫಿಲ್ಲರ್, ಇಳಿಸುವ ಕೆಳಗಿನ ಡ್ರೈನ್) ಸುತ್ತ ತಂತಿ ಬ್ರಷ್ ಹಾಕಿ ಕೆಸರು ತೆಗೆಯಿರಿ. ಚೌಕ ಗುಂಡಿಯ ಪ್ಲಗ್ ಆದರೆ ಒಳಗೆ ಗಟ್ಟಿಯಾದ ಮಣ್ಣನ್ನು ಮೊಳೆಯಿಂದ ಕೆದಕಿ. ಮಣ್ಣು ಉಳಿದರೆ ಸ್ಪ್ಯಾನರ್ ಅರ್ಧ ಮಾತ್ರ ಕೂರುತ್ತದೆ, ಬಲ ಹಾಕಿದಾಗ ಮೂಲೆ ಹೋಗುತ್ತದೆ.

4. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಇಡೀ ಕೆಲಸದಲ್ಲಿ ಮರೆಯಬಾರದ ಒಂದು ಮಾತಿದ್ದರೆ ಇದು. ಕೆಳಗಿನ ಡ್ರೈನ್ ಪ್ಲಗ್ ಸುಲಭವಾಗಿ ಬಂದು, ಆಯಿಲ್ ಎಲ್ಲಾ ಹರಿದುಹೋದ ಮೇಲೆ ಫಿಲ್ಲರ್ ಪ್ಲಗ್ ಜಪ್ಪಯ್ಯ ಅಂದರೂ ಬರಲಿಲ್ಲ ಅಂದರೆ ಗಾಡಿ ಅಲ್ಲೇ ಕೂರುತ್ತದೆ. ಗ್ಯಾರೇಜಿಗೆ ಓಡಿಸಿಕೊಂಡು ಹೋಗಲೂ ಆಗುವುದಿಲ್ಲ. ಫಿಲ್ಲರ್ ಬರಲಿಲ್ಲವೆಂದರೆ ಕೆಳಗಿನದನ್ನು ಮುಟ್ಟದೆ ಅಲ್ಲಿಗೇ ನಿಲ್ಲಿಸಿ, ಗಾಡಿ ಎಂದಿನಂತೆ ಓಡುತ್ತದೆ.

5. ಫಿಲ್ಲರ್ ಬಿಚ್ಚಿದ ಕೂಡಲೇ ಬೆರಳು ಒಳಗೆ ಮಡಚಿ ನೋಡಿ. ಆಯಿಲ್ ರಂಧ್ರದ ಅಂಚಿನ ಹತ್ತಿರ ಸಿಕ್ಕಿತಾ, ಇಲ್ಲವಾ? ತೀರಾ ಕೆಳಗಿದ್ದರೆ ಎಲ್ಲೋ ಸೋರುತ್ತಿರಬಹುದು.

6. ಟಬ್ ಇಟ್ಟು ಡ್ರೈನ್ ಪ್ಲಗ್ ಬಿಚ್ಚಿ. ಕೊನೆಯ ಸುತ್ತುಗಳಲ್ಲಿ ಪ್ಲಗ್ಗನ್ನು ಒಳಕ್ಕೆ ಒತ್ತಿ ಹಿಡಿದು ತಿರುಗಿಸಿ, ಆಮೇಲೆ ಪಕ್ಕಕ್ಕೆ ಎಳೆಯಿರಿ. ಮೊದಲ ಧಾರೆ ಜೋರಾಗಿ ಬರುತ್ತದೆ, ಟಬ್ ಒಂದಡಿ ಮುಂದೆಯೇ ಇರಲಿ. ಧಾರೆ ನೂಲಾಗಿ, ನೂಲು ಹನಿಯಾಗುವವರೆಗೆ ಬಿಡಿ. ಅರ್ಧ ಗಂಟೆ ಬೇಕಾದೀತು.

ತುಕ್ಕು ಹಿಡಿದ ಪ್ಲಗ್ ವಿಷಯ ಎರಡು ಮಾತು ಜಾಸ್ತಿ ಹೇಳಬೇಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಪ್ಲಗ್ ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕೈದು ಪೆಟ್ಟು ನೇರವಾಗಿ ಕೊಡಿ, ಎಳೆಗಳ ಹಿಡಿತ ಸಡಿಲಾಗುತ್ತದೆ. ಆಮೇಲೆ ಸ್ಪ್ಯಾನರಿಗೆ ಪೈಪ್ ಕೊಟ್ಟು ನಿಧಾನವಾಗಿ ಬಲ ಹಾಕಿ, ಜರ್ಕ್ ಕೊಡಬೇಡಿ. ಒಂದಿಷ್ಟು ಬಿಗಿ ಮಾಡಿ ಮತ್ತೆ ಸಡಿಲಿಸಿದರೂ ಕೆಲವೊಮ್ಮೆ ಬರುತ್ತದೆ. ಬೆಂಕಿ ಇಟ್ಟು ಕಾಯಿಸುವುದು ಬೇಡ. ಒಳಗೆ ಆಯಿಲ್ ಆವಿ ಇದೆ, ಮೇಲೆ ಡೀಸೆಲ್ ಪೈಪ್, ಬ್ರೇಕ್ ಪೈಪ್ ಇವೆ.

ಹಳೆ ಆಯಿಲ್ ಏನು ಹೇಳುತ್ತದೆ?

ಇಲ್ಲಿ ಅವಸರ ಮಾಡಬೇಡಿ. ಹೊರಗೆ ಹೋಗುವ ಆಯಿಲ್ ನೋಡದೆ ಹೊಸದು ಸುರಿದರೆ ಅರ್ಧ ಕೆಲಸ ಮಾಡಿದ ಹಾಗೆ.

ಬಣ್ಣ ಕಪ್ಪಾಗಿದ್ದರೆ ಗಾಬರಿ ಬೇಡ, ಹಳೆ ಆಯಿಲ್ ಕಪ್ಪಾಗಿಯೇ ಇರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಾಕಿ ಉಜ್ಜಿ. ನುಣ್ಣಗೆ ಜಾರಿದರೆ ಒಳ್ಳೆಯದು. ಮರಳು ಸಿಕ್ಕಿದ ಹಾಗೆ ಗರಗರ ಅಂದರೆ ಮಣ್ಣೋ ಲೋಹವೋ ಸೇರಿದೆ. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿ, ಲೋಹವಾದರೆ ಮಿನುಗುತ್ತದೆ.

ಹಲವು ಡ್ರೈನ್ ಪ್ಲಗ್‌ಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ಮೆತ್ತನೆಯ ಲೇಪ ಕಟ್ಟಿರುತ್ತದೆ. ಬೆರಳಿನಲ್ಲಿ ತೆಗೆದರೆ ಗ್ರೀಸಿನಂತೆ ಬರುತ್ತದೆ. ಇದು ಸಹಜ ಸವೆತ, ಒರೆಸಿ ಹಾಕಿ. ಆ ಲೇಪದೊಳಗೆ ಉಗುರಿಗೆ ತಾಗುವ ಚೂರು, ಹಕ್ಕಳೆ, ಸೂಜಿಯಂಥ ತುಣುಕು ಸಿಕ್ಕರೆ ಅದು ಬೇರಿಂಗ್ ಅಥವಾ ಹಲ್ಲಿನದ್ದು. ಚೂರುಗಳನ್ನು ಒಂದು ಕಾಗದದಲ್ಲಿ ಕಟ್ಟಿಟ್ಟು ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ. "ಅಣ್ಣಾ, ಇದು ಬೇರಿಂಗಿನದ್ದಾ, ಹಲ್ಲಿನದ್ದಾ?" ಅಂತ ಕೇಳಿದರೆ ಅನುಭವ ಇರುವವರು ನೋಡಿ ಹೇಳುತ್ತಾರೆ.

ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗೆ ಬಂದರೆ ನೀರು ಹೊಕ್ಕಿದೆ. ಮಲೆನಾಡಿನಲ್ಲಿ ಹಳ್ಳ ದಾಟುವ ಗಾಡಿಗಳಿಗೆ, ಕೆರೆ ಹೊಳೆಗೆ ಇಳಿಸಿ ತೊಳೆಯುವ ಗಾಡಿಗಳಿಗೆ ಇದು ಬರುತ್ತಲೇ ಇರುತ್ತದೆ. ಓಡಿ ಬಂದ ಹೌಸಿಂಗ್ ಬಿಸಿ ಇರುತ್ತದೆ. ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆಯುತ್ತದೆ. ಬ್ರೀದರ್ (ಆಕ್ಸಲ್ ಮೇಲಿರುವ, ಗಾಳಿ ಆಡುವ ಸಣ್ಣ ದಾರಿ) ನೀರಿನೊಳಗಿದ್ದರೆ ಅಲ್ಲಿಂದಲೇ ನೀರು ಹೋಗುತ್ತದೆ, ಬ್ರೀದರ್ ಕಟ್ಟಿಕೊಂಡಿದ್ದರೆ ಸೀಲುಗಳ ಸಂದಿಯಿಂದ ಹೋಗುತ್ತದೆ. ಇಂಥ ಆಯಿಲ್ ಬಂದಾಗ ಒಮ್ಮೆ ಬದಲಿಸಿದರೆ ಸಾಲದು. ಸಾಧಾರಣ ಬೆಲೆಯ ಜಿಎಲ್-5 ತುಂಬಿ, ಲೋಡ್ ಇಲ್ಲದೆ ಐವತ್ತು ನೂರು ಕಿಲೋಮೀಟರ್ ಓಡಿಸಿ, ಅದನ್ನೂ ಇಳಿಸಿ ಆಮೇಲೆ ಒಳ್ಳೆಯ ಆಯಿಲ್ ಹಾಕಿ. ಡೀಸೆಲ್, ಸೀಮೆಎಣ್ಣೆ ಸುರಿದು ತೊಳೆಯುವ ಅಭ್ಯಾಸ ಹಲವರಿಗಿದೆ. ನಾನು ಬೇಡ ಅನ್ನುತ್ತೇನೆ. ಆಕ್ಸಲ್ ಕೊಳವೆಗಳಲ್ಲಿ ಅದು ಉಳಿದು ಹೊಸ ಆಯಿಲನ್ನು ತೆಳುವಾಗಿಸುತ್ತದೆ.

ಡ್ರೈನ್ ಪ್ಲಗ್ ಇಲ್ಲದ ಆಕ್ಸಲ್

ಕೆಲವು ಆಕ್ಸಲ್‌ಗಳಲ್ಲಿ ಕೆಳಗೆ ಪ್ಲಗ್ಗೇ ಇರುವುದಿಲ್ಲ. ಹಿಂದೆ ಬೋಲ್ಟ್ ಹಾಕಿದ ಕವರ್ ಇರುತ್ತದೆ. ಅಮೆರಿಕದಲ್ಲಿ ಹಳೆ ಫೋರ್ಡ್ ಎಫ್-150 ಇಟ್ಟುಕೊಂಡಿರುವ ಕನ್ನಡಿಗರು ನೋಡುವುದು ಇದನ್ನೇ. ಅದರ 8.8 ಇಂಚಿನ ಆಕ್ಸಲ್‌ಗೆ ಹತ್ತು ಬೋಲ್ಟಿನ ಕವರ್. ಅದರಲ್ಲಿ ಒಂದೇ ಚಕ್ರ ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್-ಲಾಕ್ ಇದ್ದರೆ ಆಯಿಲ್ ಜೊತೆ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ದ್ರವ ಕೂಡ ಬೇಕು, ಇಲ್ಲವಾದರೆ ತಿರುವಿನಲ್ಲಿ ಕಟಕಟ ಸದ್ದು ಬರುತ್ತದೆ. ನಮ್ಮ ಲೋಡ್ ಪಿಕಪ್‌ಗಳಲ್ಲಿ ಹೆಚ್ಚಿನವು ಸಾದಾ ಡಿಫರೆನ್ಷಿಯಲ್, ಆ ತಾಪತ್ರಯ ಇಲ್ಲ.

ಕವರ್ ಬಿಚ್ಚುವಾಗಲೂ ಫಿಲ್ಲರ್ ಪ್ಲಗ್ಗೇ ಮೊದಲು. ನಂತರ ಕೆಳಗಿನ ಬೋಲ್ಟ್‌ಗಳನ್ನು ಪೂರ್ತಿ ತೆಗೆಯಿರಿ, ಮೇಲಿನ ಎರಡನ್ನು ಸಡಿಲಿಸಿ ಅಲ್ಲೇ ಬಿಡಿ. ಕವರಿನ ಕೆಳ ಅಂಚನ್ನು ಹಗುರವಾಗಿ ಎಬ್ಬಿದರೆ ಆಯಿಲ್ ಅಲ್ಲಿಂದ ಇಳಿಯುತ್ತದೆ, ಕವರ್ ಕೈಮೇಲೆ ಬೀಳುವುದಿಲ್ಲ. ಬಿಚ್ಚಿದ ಮೇಲೆ ಕ್ರೌನ್ ಹಲ್ಲುಗಳು ಎದುರಿಗೇ ಕಾಣುತ್ತವೆ. ತುದಿ ಮುರಿದಿದೆಯಾ, ಬಿಸಿಯಿಂದ ನೀಲಿಗಟ್ಟಿದೆಯಾ ನೋಡಿ. ಚಕ್ರ ತಿರುಗುವ ಸ್ಥಿತಿಯಲ್ಲಿದ್ದರೆ ಒಳಗೆ ಬೆರಳು ಹಾಕಬೇಡಿ.

ಹಳೆ ಪ್ಯಾಕಿಂಗ್ ಪೂರ್ತಿ ಕೆರೆದು, ಎರಡೂ ಮುಖ ಒಣಗಿಸಿ. ಎಣ್ಣೆ ಪಸೆ ಉಳಿದ ಜಾಗದಲ್ಲಿ ಸಿಲಿಕೋನ್ ಹಿಡಿಯುವುದಿಲ್ಲ. ಅಂಗಡಿಯಲ್ಲಿ ಅನಾಬಾಂಡ್ ಅಂತಲೇ ಕೇಳುವ ಸಿಲಿಕೋನ್ ಸೀಲೆಂಟನ್ನು ಬೋಲ್ಟ್ ರಂಧ್ರಗಳ ಒಳಬದಿಯಲ್ಲಿ ಕಡಿಯದ ಒಂದೇ ಗೆರೆಯಾಗಿ ಹಾಕಿ. ಜಾಸ್ತಿ ಹಾಕಿದರೆ ಒಳಕ್ಕೆ ಉಬ್ಬಿ ತುಂಡಾಗಿ ಆಯಿಲ್‌ಗೆ ಬೀಳುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಿದ ಮೇಲೆಯೇ ಆಯಿಲ್.

ತುಂಬಿಸುವುದು

ಡ್ರೈನ್ ಪ್ಲಗ್ಗಿನ ಎಳೆ ಒರೆಸಿ, ಹೊಸ ವಾಷರ್ ಹಾಕಿ, ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಪುಸ್ತಕದಲ್ಲಿ ಟಾರ್ಕ್ ಕೊಟ್ಟಿದ್ದರೆ ಅಷ್ಟೇ ಬಿಗಿ ಮಾಡಿ. ಬಿಚ್ಚಲು ಬಳಸಿದ ಪೈಪನ್ನು ಬಿಗಿಯಲು ಬಳಸಬೇಡಿ.

ಆಯಿಲ್ ಡಬ್ಬಿಯನ್ನು ಒಂದು ಗಂಟೆ ಬಿಸಿಲಿನಲ್ಲಿಟ್ಟಿದ್ದರೆ ಚೆನ್ನಾಗಿ ಇಳಿಯುತ್ತದೆ. ಪೈಪ್ ತುದಿಯನ್ನು ಫಿಲ್ಲರ್ ರಂಧ್ರಕ್ಕೆ ಎರಡು ಇಂಚು ತೂರಿಸಿ ನಿಧಾನವಾಗಿ ಸುರಿಯಿರಿ. ಎಷ್ಟು ಲೀಟರ್ ಹೋಯಿತು ಅನ್ನುವ ಲೆಕ್ಕ ಅಂದಾಜಿಗೆ ಮಾತ್ರ, ತೀರ್ಮಾನ ಮಾಡುವುದು ರಂಧ್ರ. ಕೆಳ ಅಂಚಿನಿಂದ ಆಯಿಲ್ ಹೊರಗೆ ಒಸರಲು ಶುರುವಾದಾಗ ನಿಲ್ಲಿಸಿ. ಐದು ನಿಮಿಷ ಬಿಡಿ. ಆಯಿಲ್ ಆಕ್ಸಲ್ ಕೊಳವೆಗಳೊಳಗೆ ಹರಡಿ ಮಟ್ಟ ಇಳಿದಿರುತ್ತದೆ, ಮತ್ತೆ ಸ್ವಲ್ಪ ಹಾಕಿ. ಕೆಲವು ಗಾಡಿಗಳ ಪುಸ್ತಕದಲ್ಲಿ ಅಂಚಿಗಿಂತ ಇಷ್ಟು ಕೆಳಗೆ ಅಂತ ಬರೆದಿರುತ್ತದೆ, ಹಾಗಿದ್ದರೆ ಅದನ್ನೇ ಪಾಲಿಸಿ.

ಇನ್ನೊಂದಿಷ್ಟು ಇರಲಿ ಅಂತ ಗಾಡಿ ವಾಲಿಸಿ ಜಾಸ್ತಿ ತುಂಬುವವರಿದ್ದಾರೆ. ಹಾಗೆ ಮಾಡಬೇಡಿ. ಹೆಚ್ಚಾದ ಆಯಿಲ್ ಆಕ್ಸಲ್ ಸೀಲ್ ದಾಟಿ ಹಿಂದಿನ ಬ್ರೇಕ್ ಡ್ರಮ್ಮಿಗೆ ಹೋಗಬಹುದು. ಲೈನರ್ ಆಯಿಲ್ ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ. ಲೋಡ್ ಗಾಡಿಯಲ್ಲಿ ಇದು ಪ್ರಾಣದ ವಿಷಯ.

ಈಗ ಬ್ರೀದರ್. ಆಕ್ಸಲ್ ಮೇಲ್ಭಾಗದಲ್ಲಿ ಸಣ್ಣ ಟೋಪಿಯಂಥದ್ದೋ, ರಬ್ಬರ್ ಪೈಪೋ ಇರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೊರಗೆ ಹೋಗುವ ದಾರಿ ಅದು. ಮಣ್ಣಿನಿಂದ ಕಟ್ಟಿದ್ದರೆ ಒತ್ತಡ ಸೀಲನ್ನು ತಳ್ಳುತ್ತದೆ. ಪಿನಿಯನ್ ಸೀಲ್ ಪದೇ ಪದೇ ಹೋಗುತ್ತಿದೆ ಅಂದರೆ ಮೂರನೇ ಸೀಲ್ ತರುವ ಮೊದಲು ಇದನ್ನು ನೋಡಿ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಊದಿ, ಗಾಳಿ ಆಡಿದರೆ ಮತ್ತೆ ಹಾಕಿ.

ಹೇಗೂ ಕೆಳಗಿದ್ದೀರಿ, ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಶಾಫ್ಟ್ ತುದಿಯ ಕೀಲಿನ ಕ್ರಾಸ್‌ನಲ್ಲಿ ಆಟ (ಸಡಿಲ) ಇದ್ದರೆ ಕ್ಲಚ್ ಬಿಟ್ಟಾಗ ಬರುವ 'ಟಕ್' ಸದ್ದು ಅದರದ್ದಿರಬಹುದು, ಡಿಫರೆನ್ಷಿಯಲ್‌ದಲ್ಲ. ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಯಿರಿ. ಶಾಫ್ಟ್ ಬಂದು ಸೇರುವ ಪಿನಿಯನ್ ಫ್ಲಾಂಜ್ ತಿರುಗಿಸಿದಾಗ ಒಂದಿಷ್ಟು ಆಟ ಇರುವುದು ಸಹಜ. ಮೇಲೆ ಕೆಳಗೆ ಅಲ್ಲಾಡಿದರೆ ಮಾತ್ರ ಪಿನಿಯನ್ ಬೇರಿಂಗ್ ಹೋಗಿದೆ.

ಹಳೆ ಆಯಿಲ್ ಎಲ್ಲಿಗೆ?

ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲಿ ಅಂತ, ಸೆಂಟ್ರಿಂಗ್ ಹಲಗೆಗೆ ಕಾಂಕ್ರೀಟ್ ಅಂಟದಿರಲಿ ಅಂತ ಹಳೆ ಆಯಿಲ್ ಬಳಿಯುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬಿಡಿ. ಮಳೆಗೆ ಅದು ತೊಳೆದು ಬಾವಿಗೆ, ಗದ್ದೆಗೆ ಇಳಿಯುತ್ತದೆ. ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ ಅಂತ 2016ರ ಕೇಂದ್ರ ನಿಯಮಗಳೇ ಹೇಳುತ್ತವೆ. ಖಾಲಿ ಡಬ್ಬಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಮಗ್ಗುಲಿನ ಮೋರಿಗೆ ಸುರಿಯುವುದಂತೂ ಬೇಡ.

ಮರುದಿನ

ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬಂದು ಎರಡೂ ಪ್ಲಗ್, ಕವರ್ ಅಂಚು, ಪಿನಿಯನ್ ಸೀಲ್ ಸುತ್ತ ಒಣ ಬಟ್ಟೆ ಒತ್ತಿ ನೋಡಿ. ಹಿಂದಿನ ಎರಡೂ ಚಕ್ರದ ಒಳಬದಿಯಲ್ಲಿ ಆಯಿಲ್ ಗೆರೆ ಇದೆಯಾ ನೋಡಿ. ತಾರೀಕು ಮತ್ತು ಮೀಟರ್ ಓದಿದ್ದನ್ನು ಆರ್‌ಸಿ ಇಡುವ ಕವರಿನೊಳಗೆ ಬರೆದಿಡಿ. ಮುಂದಿನ ಬದಲಾವಣೆ ಪುಸ್ತಕ ಹೇಳಿದ ಕಿಲೋಮೀಟರಿಗೆ. ಸದಾ ಲೋಡ್, ಘಾಟಿ, ನೀರು ಅಂತ ಓಡುವ ಗಾಡಿಗೆ ಅದರ ಅರ್ಧಕ್ಕೇ ಮಾಡುವುದು ಒಳ್ಳೆಯದು.

ಆಯಿಲ್ ಬದಲಿಸಿದ ಮೇಲೂ 'ಗುಂಯ್' ಅನ್ನುವ ಸದ್ದು ಉಳಿದಿದ್ದರೆ ಗಮನ ಕೊಟ್ಟು ಕೇಳಿ. ಆಕ್ಸಿಲರೇಟರ್ ಒತ್ತಿದಾಗ ಬರುತ್ತದಾ, ಬಿಟ್ಟಾಗ ಬರುತ್ತದಾ, ಎಷ್ಟು ವೇಗದಲ್ಲಿ ಜೋರಾಗುತ್ತದೆ, ತಿರುವಿನಲ್ಲಿ ಬದಲಾಗುತ್ತದಾ ಅಂತ ಬರೆದುಕೊಳ್ಳಿ. ತಿರುವಿನಲ್ಲಿ ಬದಲಾದರೆ ಚಕ್ರದ ಬೇರಿಂಗ್ ಕಡೆ ಮೊದಲು ನೋಡಬೇಕಾಗುತ್ತದೆ. ಒತ್ತಿದಾಗ, ಬಿಟ್ಟಾಗ ಬದಲಾದರೆ ಕ್ರೌನ್ ಪಿನಿಯನ್ ಕಡೆ. ಆ ಚೀಟಿಯನ್ನೂ, ಅಯಸ್ಕಾಂತದಲ್ಲಿ ಸಿಕ್ಕ ಚೂರುಗಳಿದ್ದರೆ ಅವನ್ನೂ ತೆಗೆದುಕೊಂಡು, ಮುಂದಿನ ಲೋಡ್ ಒಪ್ಪಿಕೊಳ್ಳುವ ಮೊದಲೇ ಮೆಕ್ಯಾನಿಕ್ ಹತ್ತಿರ ಹೋಗಿ.